ಜವೇರಿ ಬಜಾರಿನ ಲೂಪ್, ಮೆಟ್ಟಿಲ ಬುಡದ ಚೋರಟೆ

ವಜ್ರದ ವ್ಯಾಪಾರಿಗಳು ಕಣ್ಣಿಗೆ ಹಿಡಿದು ಹರಳು ನೋಡುವ ಹತ್ತುಪಟ್ಟಿನ ಲೂಪನ್ನು ನಾನು ಕೊಂಡದ್ದು ಚೋರಟೆಯ ಕಾಲು ಎಣಿಸಲು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ 26 ವರ್ಷ ವಿಜ್ಞಾನ ಕಲಿಸಿದವಳು ನಾನು. ಕಳೆದ ಜುಲೈನಲ್ಲಿ ಮಾಟುಂಗದ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡಿದ್ದ ಹುಳವನ್ನು ತೋರಿಸಿ, "ಪುತ್ತೂರಿನಲ್ಲಿ ಇದಕ್ಕೆ ಚೋರಟೆ ಎನ್ನುತ್ತೇವೆ, ಪುಸ್ತಕದಲ್ಲಿ ಸಹಸ್ರಪದಿ" ಎಂದೆ. ಆರನೆಯ ತರಗತಿಯ ಮೊಮ್ಮಗಳು ಕೇಳಿದಳು: "ಸಾವಿರ ಇದೆ ಎಂದು ನೀವು ಎಣಿಸಿದ್ದೀರಾ ಅಜ್ಜಿ?" ಎಣಿಸಿರಲಿಲ್ಲ.

ಮೊದಲು ಆನ್‌ಲೈನಿನಲ್ಲಿ ಒಂದು ಭೂತಗನ್ನಡಿ ತರಿಸಿದೆ. ಮೂವತ್ತುಪಟ್ಟು ಎಂದು ಬರೆದಿತ್ತು. ಅಂಚಿನಲ್ಲೆಲ್ಲ ಕಾಮನಬಿಲ್ಲು, ನಡುವೆ ಮಸುಕು. ಅದನ್ನು ಹಿಂದಿರುಗಿಸಿ, ಮಸ್ಜಿದ್ ನಿಲ್ದಾಣದಲ್ಲಿ ಇಳಿದು ಜವೇರಿ ಬಜಾರಿಗೆ ನಡೆದೆ. ಅಕ್ಕಸಾಲಿಗರ ತಕ್ಕಡಿ, ಚಿಮುಟ ಮಾರುವ ಸಣ್ಣ ಅಂಗಡಿ. ಅಂಗಡಿಯವರು ಎರಡು ಲೂಪ್ ಮುಂದಿಟ್ಟು, ಗೀಟು ಹಾಕಿದ ಕಾಗದವನ್ನು ಎರಡರಲ್ಲೂ ನೋಡಲು ಹೇಳಿದರು. ಅಗ್ಗದ್ದರಲ್ಲಿ ಗೀಟುಗಳು ಅಂಚಿಗೆ ಬಂದಾಗ ಬಾಗಿದವು. ಮೂರು ಮಸೂರಗಳನ್ನು ಅಂಟಿಸಿ ಮಾಡಿದ ಇನ್ನೊಂದರಲ್ಲಿ ನೆಟ್ಟಗೆ ನಿಂತವು. 850 ರೂಪಾಯಿ. ಚೌಕಾಸಿಗೆ ಅವರು ಒಪ್ಪಲಿಲ್ಲ. ವಸ್ತುವನ್ನು ನೋಡಿದ ಮೇಲೆ ನನಗೂ ಕೇಳಬೇಕೆನಿಸಲಿಲ್ಲ.

ಇದನ್ನು ಬಳಸುವ ಕ್ರಮ ಬೇರೆ. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕು. ನೋಡುವ ವಸ್ತುವನ್ನು ಒಂದು ಅಂಗುಲದ ದೂರಕ್ಕೆ ತರಬೇಕು. ಎರಡೂ ಕೈ ಒಂದಕ್ಕೊಂದು ಆತುಕೊಂಡಿದ್ದರೆ ಚಿತ್ರ ಅಲುಗುವುದಿಲ್ಲ. ಮಕ್ಕಳಿಗೆ ಇದು ಒಗ್ಗಲು ಹತ್ತು ನಿಮಿಷ ಸಾಕು.

ಜೀವಂತ ಚೋರಟೆಯ ಕಾಲು ಎಣಿಸಲು ಆಗಲಿಲ್ಲ. ಗಾಜಿನ ಲೋಟದ ಗೋಡೆಯ ಮೇಲೆ ಅದು ನಡೆಯುವಾಗ, ಗಾಳಿಗೆ ಭತ್ತದ ಗದ್ದೆ ತೊನೆದಂತೆ ಕಾಲುಗಳಲ್ಲಿ ಅಲೆ ಓಡುತ್ತದೆ, ಕಣ್ಣು ಜಾರುತ್ತದೆ. ಬೇಲಿಯ ಬಳಿ ಸತ್ತು ಒಣಗಿದ್ದ ಒಂದು ಸಿಕ್ಕಿತು. ಅದನ್ನು ಹತ್ತಿಯ ಮೇಲೆ ಮಲಗಿಸಿ, ಸೂಜಿಯ ಮೊನೆಯಿಂದ ಒಂದೊಂದೇ ಕಾಲನ್ನು ಮುಟ್ಟುತ್ತಾ ಎಣಿಸಿದೆವು. ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲೇ ಇಲ್ಲ. ಮುಂದಿನ ಮೂರಕ್ಕೆ ಒಂದೊಂದು ಜೊತೆ. ಆಮೇಲೆ ಉಂಗುರಕ್ಕೆ ಎರಡು ಜೊತೆ. ಪಾಠಪುಸ್ತಕದಲ್ಲಿ ವರ್ಷಾನುವರ್ಷ ಓದಿಸಿದ ಮಾತು ಮಸೂರದ ಕೆಳಗೆ ಹಾಗೆಯೇ ಇತ್ತು. ನನಗೆ ಗಂಟಲು ಕಟ್ಟಿತು. ಒಂದು ಬದಿಗೆ 95, ಒಟ್ಟು 190.

ಹಾಗಾದರೆ ಸಾವಿರ ಎಲ್ಲಿ? ಕ್ಯಾಲಿಫೋರ್ನಿಯದ ಇಲ್ಲಾಕ್ಮೆ ಪ್ಲೆನಿಪೆಸ್ ಎಂಬುದಕ್ಕೆ 750 ಕಾಲು. ಬಹುಕಾಲ ಅದೇ ದಾಖಲೆ. ಹೆಸರು ನಿಜವಾದದ್ದು 2021ರಲ್ಲಿ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಖನಿಜ ಹುಡುಕಲು ಕೊರೆದ ಕೊಳವೆಯೊಳಗೆ, 60 ಮೀಟರ್ ಆಳದಲ್ಲಿ ಸಿಕ್ಕಿದ ಯೂಮಿಲಿಪೆಸ್ ಪರ್ಸೆಫೊನೆಗೆ 330 ಉಂಗುರ, 1,306 ಕಾಲು. ಬಿಳಿಚಿದ ಮೈ, ಕಣ್ಣೇ ಇಲ್ಲ. ಉದ್ದ ಹತ್ತು ಸೆಂಟಿಮೀಟರಿಗೆ ತುಸು ಕಡಿಮೆ, ಅಗಲ ಒಂದು ಮಿಲಿಮೀಟರೂ ಇಲ್ಲ. ಮಾಟುಂಗದ ಹೂವಿನ ಅಂಗಡಿಯಿಂದ ತಂದ ಮಾಲೆಯ ದಾರವನ್ನು ಮೊಮ್ಮಗಳು ಅಷ್ಟೇ ಉದ್ದಕ್ಕೆ ಕತ್ತರಿಸಿದಳು. ಲೂಪಿನಲ್ಲಿ ಆ ದಾರ ಹಗ್ಗದಂತೆ ಕಂಡಿತು. ಆ ಹುಳವನ್ನೇ ಇಲ್ಲಿ ಇಟ್ಟಿದ್ದರೂ ಅದರ ಮೈ ಒಂದು ಸೆಂಟಿಮೀಟರಿನಷ್ಟು ಅಗಲ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಅಷ್ಟೊಂದು ಕಾಲು!

ಕೊರತೆಗಳನ್ನೂ ಹೇಳಬೇಕು. ಮಡಿಸುವ ಕೀಲಿನ ತಿರುಪು ಎರಡೇ ತಿಂಗಳಲ್ಲಿ ಸಡಿಲವಾಯಿತು. ಅಂಗಡಿಯವರು ದುಡ್ಡು ಕೇಳದೆ ಬಿಗಿದು ಕೊಟ್ಟರು. ಮಳೆಗಾಲದಲ್ಲಿ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಅಕ್ಕಿಕಾಳು ಹಾಕಿದ ಡಬ್ಬಿಯಲ್ಲಿಡುತ್ತೇನೆ. ಇನ್ನೊಂದು: ಜೀವಂತ ಚೋರಟೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹೆದರಿದರೆ ಅದು ಬಿಡುವ ಹಳದಿ ರಸ ಬೆರಳಿಗೆ ಕಲೆ ಮಾಡುತ್ತದೆ, ಕಣ್ಣಿಗೆ ಬಿದ್ದರೆ ಉರಿ. ನೋಡಿದ ಮೇಲೆ ಲೋಟವನ್ನು ಕುಂಡದ ತರಗೆಲೆಯ ಮೇಲೆ ಬಗ್ಗಿಸಿದರೆ ತಾನಾಗಿಯೇ ಇಳಿದು ಹೋಗುತ್ತದೆ.