ಐದು ಬಾಟಲಿ, ಒಂದು ಕ್ಯಾನ್: ಬಿಯರ್ ಬಗೆಗಳ ಪರಿಚಯಕ್ಕೆ ಆರು ಆಯ್ಕೆಗಳ ವಿಮರ್ಶೆ

ಬಣ್ಣ ಗಾಢವಾದಷ್ಟೂ ಬಿಯರ್ ಕಡಕ್, ತಿಳಿಯಾದಷ್ಟೂ ಹಗುರ ಎಂದು ನಂಬಿದವರು ಬಹಳ ಮಂದಿ. ಆದರೆ ಕಪ್ಪಗೆ ಕಾಣುವ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೊಹಾಲ್ ಶೇ. 4.2 ಮಾತ್ರ. ಹೊಂಬಣ್ಣದ ಡುವೆಲ್‌ನಲ್ಲಿ ಶೇ. 8.5, ಅಂದರೆ ಅದರ ಎರಡು ಪಟ್ಟು. ಬಣ್ಣ ಬರುವುದು ಕಾಳನ್ನು ಎಷ್ಟು ಹುರಿದಿದ್ದಾರೆ ಎಂಬುದರಿಂದ. ಆಲ್ಕೊಹಾಲ್ ನಿಂತಿರುವುದು ಯೀಸ್ಟ್‌ಗೆ ಎಷ್ಟು ಸಕ್ಕರೆ ಸಿಕ್ಕಿತು ಎಂಬುದರ ಮೇಲೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದು ನೋಡಿದರೆ ಹತ್ತು ಪುಟ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹಾಗಾಗಿ ಇಲ್ಲಿ ಆರಿಸಿರುವ ಆರೂ ಬಿಯರ್‌ಗಳು ಒಂದಕ್ಕೊಂದು ದೂರದವು. ಪ್ರತಿಯೊಂದೂ ತನ್ನ ಬಗೆಯ ಒಳ್ಳೆಯ ಮಾದರಿ: ಪಿಲ್ಸ್ನರ್ ಉರ್ಕ್ವೆಲ್, ವೈಹೆನ್‌ಸ್ಟೆಫಾನರ್ ಹೆಫೆವೈಸ್‌ಬಿಯರ್, ಸಿಯೆರಾ ನೆವಾಡಾ ಪೇಲ್ ಏಲ್, ಗಿನ್ನೆಸ್ ಡ್ರಾಫ್ಟ್ ಕ್ಯಾನ್, ಡುವೆಲ್, ಓರ್ವಲ್. ಕುಡಿಯುವ ಕ್ರಮವೂ ಹೆಚ್ಚುಕಡಿಮೆ ಇದೇ ಇರಲಿ. ಓರ್ವಲ್ ಮೊದಲು ಕುಡಿದರೆ ಅದರ ಒಗರು, ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತದೆ. ಆಮೇಲೆ ಗೋಧಿ ಬಿಯರ್ ಬರೀ ನೀರಿನಂತೆ ಅನ್ನಿಸುತ್ತದೆ.

ಮೊದಲು ಗ್ಲಾಸು, ಆಮೇಲೆ ಬಿಯರ್

ಬಿಯರ್ ಚೆನ್ನಾಗಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಗ್ಲಾಸಿನ ತಪ್ಪುಗಳು. ಜಿಡ್ಡು ಅಥವಾ ಸೋಪಿನ ಪಸೆ ಸ್ವಲ್ಪ ಉಳಿದಿದ್ದರೂ ನೊರೆ ನಿಲ್ಲುವುದಿಲ್ಲ, ನೊರೆಯ ಜೊತೆ ಘಮವೂ ಹೋಗುತ್ತದೆ. ಪರೀಕ್ಷೆ ಸುಲಭ. ಗ್ಲಾಸಿನ ಒಳಗೋಡೆಯನ್ನು ನೀರಿನಿಂದ ಒದ್ದೆ ಮಾಡಿ ಪುಡಿ ಉಪ್ಪು ಉದುರಿಸಿ. ಉಪ್ಪು ಎಲ್ಲ ಕಡೆ ಸಮನಾಗಿ ಅಂಟಿದರೆ ಗ್ಲಾಸು ಶುದ್ಧ. ಅಲ್ಲಲ್ಲಿ ಬೋಳು ತೇಪೆ ಕಂಡರೆ ಅಲ್ಲೆಲ್ಲ ಜಿಡ್ಡಿದೆ. ತೊಳೆದ ಗ್ಲಾಸನ್ನು ಬಟ್ಟೆಯಿಂದ ಒರೆಸಬೇಡಿ, ಗಾಳಿಯಾಡುವ ಜಾಲರಿಯ ಮೇಲೆ ಬೋರಲು ಹಾಕಿ. ಫ್ರೀಜರಿನಲ್ಲಿಟ್ಟು ಹಿಮ ಕಟ್ಟಿಸಿದ ಗ್ಲಾಸು ಈ ಆರಕ್ಕೂ ಬೇಡ. ಮಂಜಿನ ಹರಳಿಗೆ ತಾಗಿದೊಡನೆ ಬಿಯರ್ ಉಕ್ಕುತ್ತದೆ, ಅತಿ ತಂಪಿಗೆ ನಾಲಿಗೆ ಜೋಮು ಹಿಡಿಯುತ್ತದೆ.

ಆರನ್ನೂ ಒಂದೇ ಸಂಜೆಗೆ ಮುಗಿಸುವುದೂ ಬೇಡ. ತಲಾ 110 ಮಿ.ಲೀ.ನಂತೆ ಆರು ಬಗೆ ಕುಡಿದರೆ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೊಹಾಲ್ ಸುಮಾರು 38 ಮಿ.ಲೀ. ಅಳತೆಗಿಂತ ದೊಡ್ಡ ಅಡ್ಡಿ ನಾಲಿಗೆಯದು. ನಾಲ್ಕನೆಯ ಬಿಯರ್ ಹೊತ್ತಿಗೆ ಅದು ದಣಿದಿರುತ್ತದೆ, ಅಲ್ಲಿಂದಾಚೆ ಕೊಡುವ ತೀರ್ಪು ನಂಬಿಕೆಗೆ ಅರ್ಹವಲ್ಲ. ಮೂರು ಇವತ್ತು, ಮೂರು ಇನ್ನೊಂದು ದಿನ. ನಡುನಡುವೆ ನೀರು, ಬೇಕಿದ್ದರೆ ಸಪ್ಪೆ ಬ್ರೆಡ್ಡಿನ ತುಂಡು.

ಪಿಲ್ಸ್ನರ್ ಉರ್ಕ್ವೆಲ್

ಜಗತ್ತಿನ ಹೊಂಬಣ್ಣದ ಲಾಗರ್‌ಗಳಿಗೆಲ್ಲ (ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್‌ಗಳು) ಇದು ಮೂಲಪುರುಷ ಎನ್ನಬಹುದು. 1842ರಲ್ಲಿ ಬೊಹೆಮಿಯಾದ (ಈಗಿನ ಚೆಕ್ ಗಣರಾಜ್ಯ) ಪ್ಲ್ಜೆನ್ ಊರಿನಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ಇದನ್ನು ಮೊದಲು ತಯಾರಿಸಿದ. ಅಲ್ಲಿನ ನೀರಿನಲ್ಲಿ ಲವಣಾಂಶ ತೀರಾ ಕಡಿಮೆ. ಹೀಗಾಗಿ ಇಷ್ಟೊಂದು ಸಾಜ್ ತಳಿಯ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಹಾಕಿದರೂ ಕಹಿ ಗಂಟಲು ಕೆರೆಯುವುದಿಲ್ಲ.

ಮಾಮೂಲಿ ಲಾಗರ್‌ನಿಂದ ಇದು ಬೇರೆಯಾಗುವುದು ಎರಡು ಕಡೆ. ಒಂದು ಕಹಿ: ಕಹಿಯ ಮಾಪನದಲ್ಲಿ ಸುಮಾರು 40, ಮಾಮೂಲಿ ಲಾಗರ್‌ಗಿಂತ ಎಷ್ಟೋ ಹೆಚ್ಚು. ಇನ್ನೊಂದು, ಕಹಿಯ ಕೆಳಗೆ ಹಾಸಿದಂತಿರುವ ಬ್ರೆಡ್ಡಿನ ಸಿಹಿ. ನೆನೆಸಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳು) ಒಂದು ಭಾಗವನ್ನು ತೆಗೆದು ಕುದಿಸಿ ಮತ್ತೆ ಬೆರೆಸುವ ಕೆಲಸವನ್ನು ಇಲ್ಲಿ ಮೂರು ಸಲ ಮಾಡುತ್ತಾರೆ. ಈ ಸಿಹಿಗೆ ದೊಡ್ಡ ಕಾರಣ ಅದು. ಆಲ್ಕೊಹಾಲ್ ಶೇ. 4.4. ಕೆಲವರಿಗೆ ಸಣ್ಣಗೆ ಬೆಣ್ಣೆಯ ವಾಸನೆಯೂ ಸಿಗುತ್ತದೆ. ಬೇರೆ ಲಾಗರ್‌ಗಳಲ್ಲಿ ಅದನ್ನು ದೋಷವೆಂದು ಎಣಿಸುತ್ತಾರೆ, ಇಲ್ಲಿ ಅದು ಸ್ವಭಾವದ ಒಂದು ಎಳೆ.

ಹಸಿರು ಬಾಟಲಿಯಲ್ಲಿ ಸಿಕ್ಕಿದರೆ ಹುಷಾರು. ಬೆಳಕು ತಾಗಿದಾಗ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ದುರ್ವಾಸನೆ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹಳಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ತಡೆಯುವುದು ಅಷ್ಟಕ್ಕಷ್ಟೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕೂತ ಬಾಟಲಿಗಿಂತ ಪೆಟ್ಟಿಗೆಯೊಳಗಿನದನ್ನು, ಇಲ್ಲವೇ ಕ್ಯಾನನ್ನು ಕೇಳಿ ತೆಗೆದುಕೊಳ್ಳಿ. 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ರುಚಿ ಪೂರ್ತಿ ತೆರೆದುಕೊಳ್ಳುತ್ತದೆ.

ವೈಹೆನ್‌ಸ್ಟೆಫಾನರ್ ಹೆಫೆವೈಸ್‌ಬಿಯರ್

ಬಿಯರ್ ಅಂದರೆ ಕಹಿ ಎಂದು ದೂರ ಉಳಿದವರ ಕೈಗೆ ಮೊದಲು ಕೊಡಬೇಕಾದದ್ದು ಇದನ್ನೇ. ಜರ್ಮನಿಯಲ್ಲಿ ಈ ಬಗೆಯ ಬಿಯರ್‌ಗೆ ಬಳಸುವ ಮಾಲ್ಟಿನಲ್ಲಿ ಕನಿಷ್ಠ ಅರ್ಧದಷ್ಟಾದರೂ ಗೋಧಿ ಇರಲೇಬೇಕು. ಕಹಿ ಹೆಸರಿಗಷ್ಟೇ. ಮೂಗಿಗೆ ಬಡಿಯುವುದು ಕಳಿತ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ಎರಡನ್ನೂ ಯಾರೂ ಹಾಕಿದ್ದಲ್ಲ. ಬಾಳೆಯ ಘಮ ಯೀಸ್ಟ್ ಹುಟ್ಟಿಸುವ ಎಸ್ಟರ್ ಎಂಬ ಸುವಾಸನೆಯ ರಾಸಾಯನಿಕ. ಲವಂಗದ್ದು ಕಾಳಿನಲ್ಲಿರುವ ಫೆರುಲಿಕ್ ಆಮ್ಲವನ್ನು ಅದೇ ಯೀಸ್ಟ್ ಮಾರ್ಪಡಿಸಿದಾಗ ಬರುವುದು.

ಇದರ ಮಜಾ ಅರ್ಧ ಸುರಿಯುವುದರಲ್ಲಿದೆ. ಎತ್ತರದ ಅರ್ಧ ಲೀಟರ್ ಗೋಧಿ ಬಿಯರ್ ಗ್ಲಾಸಿಗೆ ಮೊದಲು ತಣ್ಣೀರು ಹಾಕಿ ಚೆಲ್ಲಿ. ಒದ್ದೆ ಗಾಜಿನಲ್ಲಿ ನೊರೆ ತಹಬಂದಿಗೆ ಬರುತ್ತದೆ. ಗ್ಲಾಸನ್ನು ಬಹುತೇಕ ಅಡ್ಡಲಾಗಿ ಹಿಡಿದು ಗೋಡೆಯ ಗುಂಟ ನಿಧಾನ ಇಳಿಸುತ್ತ ಬನ್ನಿ, ತುಂಬಿದಂತೆಲ್ಲ ನೆಟ್ಟಗೆ ಮಾಡಿ. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿದಾಗ ನಿಲ್ಲಿಸಿ. ಆ ಉಳಿಕೆಯನ್ನು ಬಾಟಲಿಯಲ್ಲೇ ಗುಂಡಗೆ ತಿರುಗಿಸಿ, ತಳದ ಯೀಸ್ಟ್ ಕದಡಿದ ಮೇಲೆ ನೊರೆಯ ಮಧ್ಯಕ್ಕೆ ಹಾಕಿ. ತಿಳಿಯಾಗಿದ್ದ ಬಿಯರ್ ನೋಡನೋಡುತ್ತ ಮಬ್ಬಾಗುತ್ತದೆ, ನೊರೆ ಗ್ಲಾಸಿನ ಅಂಚು ದಾಟಿ ಗೋಪುರದಂತೆ ನಿಲ್ಲುತ್ತದೆ. ಗುಟುಕಿಗೆ ಮೈ, ಅಂದರೆ ಬಾಯಿ ತುಂಬುವ ದಪ್ಪ, ಬರುವುದೂ ಆಗಲೇ. ಮೂವರು ಹಂಚಿಕೊಳ್ಳುವುದಾದರೆ ಹೀಗೆ ಒಂದು ಗ್ಲಾಸಿಗೆ ಪೂರ್ತಿ ಸುರಿದು ಆಮೇಲೆ ಭಾಗ ಮಾಡಿ. ಬಾಟಲಿಯಿಂದ ನೇರವಾಗಿ ಹಂಚಿದರೆ ಮೊದಲಿನವರಿಗೆ ಬರೀ ತಿಳಿ, ಕೊನೆಯವರಿಗೆ ಬರೀ ಗಷ್ಟು.

ಇದನ್ನು ಕೂಡಿಟ್ಟುಕೊಂಡು ಪ್ರಯೋಜನವಿಲ್ಲ. ತಿಂಗಳು ಕಳೆದಂತೆ ಮೊದಲು ಹೋಗುವುದೇ ಬಾಳೆಯ ಘಮ. ಬಿಸಿಯಲ್ಲಿ ಇಟ್ಟಿದ್ದರೆ ತಳದ ಯೀಸ್ಟ್ ಸತ್ತು ಸೋಯಾ ಸಾಸ್‌ನಂಥ ವಾಸನೆ ಬಿಡುತ್ತದೆ. ಗ್ಲಾಸಿನ ಅಂಚಿಗೆ ನಿಂಬೆ ಹೋಳು ಸಿಕ್ಕಿಸುವುದು ನನ್ನ ಲೆಕ್ಕದಲ್ಲಿ ಶುದ್ಧ ನಷ್ಟ. ಸಿಪ್ಪೆಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ, ಹುಳಿ ವಾಸನೆ ಲವಂಗವನ್ನು ಮುಚ್ಚಿಹಾಕುತ್ತದೆ. ಶೇ. 5.4 ಆಲ್ಕೊಹಾಲ್ ಇದ್ದೂ ಇಷ್ಟು ಸಲೀಸಾಗಿ ಇಳಿಯುವುದರಿಂದ ಕುಡಿಯುವವರು ಗ್ಲಾಸುಗಳ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಸಿಯೆರಾ ನೆವಾಡಾ ಪೇಲ್ ಏಲ್

1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಿಂದ ಬಂದ ಈ ಬಿಯರ್ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯನ್ನು ಮನೆಮಾತಾಗಿಸಿತು. ಬಾಟಲಿ ತೆರೆದೊಡನೆ ಚಕ್ಕೋತದ ಸಿಪ್ಪೆ, ಪೈನ್ ಮರದ ಅಂಟು. ಹಿಂದೆ ಸಣ್ಣಗೆ ಕ್ಯಾರಮೆಲ್ ಸಿಹಿ. ಶೇ. 5.6. ಉರ್ಕ್ವೆಲ್‌ನ ಪಕ್ಕದಲ್ಲಿಟ್ಟು ನೋಡಿ: ಕಹಿಯ ಅಳತೆ ಎರಡರಲ್ಲೂ ಹತ್ತಿರಹತ್ತಿರ ಒಂದೇ, ಆದರೆ ಒಂದು ಹುಲ್ಲು-ಹೂವಿನ ಕಡೆ, ಇನ್ನೊಂದು ಹಣ್ಣಿನ ಸಿಪ್ಪೆಯ ಕಡೆ. ಹಾಪ್ಸ್ ಅಂದರೆ ಬರೀ ಕಹಿಯಲ್ಲ ಎಂಬುದು ಗೊತ್ತಾಗುವುದು ಇಲ್ಲಿ.

ಈಗಿನ ಮಬ್ಬು ಐಪಿಎಗಳ (ಹಾಪ್ಸ್ ಜೋರಾಗಿರುವ ಬಿಯರ್‌ಗಳು) ರುಚಿ ಹತ್ತಿದವರಿಗೆ ಇದು ಸೌಮ್ಯ ಅನ್ನಿಸಬಹುದು. ಅದು ಇದರ ಕೊರತೆಯಲ್ಲ, ಹದ. ಇದರ ನಿಜವಾದ ಶತ್ರು ಹಳತು. ತಯಾರಾದ ದಿನಾಂಕ ನೋಡದೆ ಕೊಳ್ಳಬೇಡಿ. ಮೂರು ತಿಂಗಳೊಳಗಿನದು ಉತ್ತಮ; ಆರು ತಿಂಗಳು ಬೆಚ್ಚಗೆ ಕೂತಿದ್ದರೆ ಚಕ್ಕೋತ ಮಾಯವಾಗಿ ಒದ್ದೆ ರಟ್ಟಿನ ವಾಸನೆ ಬಂದಿರುತ್ತದೆ. ಅಂಥ ಬಾಟಲಿಯಿಂದ ಈ ಬಗೆಯನ್ನೇ ತಳ್ಳಿಹಾಕುವುದು ಅನ್ಯಾಯ.

ಗಿನ್ನೆಸ್ ಡ್ರಾಫ್ಟ್

ಕೊಳ್ಳುವಾಗಲೇ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಅದೇ ಹೆಸರಿನ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ (ಸ್ಟೌಟ್ ಅಂದರೆ ಹುರಿದ ಕಾಳಿನ ಕಪ್ಪು ಬಿಯರ್) ಶೇ. 7.5ರ ಬೇರೆಯೇ ಬಿಯರ್, ಅದರಲ್ಲಿ ನೈಟ್ರೋಜನ್ ಇಲ್ಲ. ಕೆನೆಯಂಥ ನೊರೆ ಬೇಕಿದ್ದರೆ ಕ್ಯಾನಿನ ಮೇಲೆ ಡ್ರಾಫ್ಟ್ ಎಂದೇ ಇರಬೇಕು. ಅಲುಗಿಸಿದರೆ ಒಳಗೆ ಪ್ಲಾಸ್ಟಿಕ್ ಗುಂಡು ಲೊಟಲೊಟ ಅನ್ನುತ್ತದೆ.

1988ರಲ್ಲಿ ಕ್ಯಾನಿಗೆ ಬಂದ ಆ ಪುಟ್ಟ ಸಾಧನದ ಕೆಲಸ ಹೀಗೆ. ಒತ್ತಡದಲ್ಲಿರುವ ನೈಟ್ರೋಜನ್ ಮತ್ತು ಒಂದಿಷ್ಟು ಬಿಯರ್ ಗುಂಡಿನೊಳಗೆ ಸೇರಿರುತ್ತದೆ. ಮುಚ್ಚಳ ತೆರೆದ ಕ್ಷಣ ಹೊರಗಿನ ಒತ್ತಡ ಕುಸಿದು, ಒಳಗಿದ್ದದ್ದು ಸೂಜಿಮೊನೆಯಂಥ ರಂಧ್ರದಿಂದ ಚಿಮ್ಮಿ ಇಡೀ ಕ್ಯಾನನ್ನು ಸಣ್ಣ ಗುಳ್ಳೆಗಳಿಂದ ತುಂಬುತ್ತದೆ. ಕ್ಯಾನು ಸಾಕಷ್ಟು ತಂಪಾಗಿರದಿದ್ದರೆ ಇದೇ ಚಿಮ್ಮುವಿಕೆ ಮೇಜಿನ ಮೇಲೆಲ್ಲ ಉಕ್ಕುತ್ತದೆ. ಫ್ರಿಜ್ಜಿನಲ್ಲಿ ಕಡಿಮೆಯೆಂದರೆ 3 ಗಂಟೆ ಇಡಿ. ಆಮೇಲೆ ದೊಡ್ಡ ಗ್ಲಾಸಿಗೆ ಒಂದೇ ಓಟದಲ್ಲಿ ಸುರಿದು ಕೈ ಬಿಡಿ. ಬೂದುಗಂದು ಮೋಡ ಗಾಜಿನ ಗೋಡೆಗುಂಟ ಕೆಳಗಿಳಿಯುತ್ತದೆ. ನಡುಭಾಗದಲ್ಲಿ ಗುಳ್ಳೆಗಳು ಮೇಲೇಳುವಾಗ ಅಂಚಿನ ಬಿಯರ್ ಕೆಳಗೆ ಹರಿದು ಅಲ್ಲಿನ ಗುಳ್ಳೆಗಳನ್ನೂ ಎಳೆದೊಯ್ಯುವುದರಿಂದ ಹೀಗೆ. ಎರಡು ನಿಮಿಷದಲ್ಲಿ ಕಪ್ಪು ಕೆಳಗೆ, ಕೆನೆ ಮೇಲೆ.

ಹುರಿದ ಬಾರ್ಲಿಯಿಂದ ಬಂದ ಕಾಫಿಯ ಒಣ ಕಹಿ ಚೆನ್ನಾಗಿದೆ. ಮೈ ಮಾತ್ರ ನೋಟಕ್ಕಿಂತ ತೆಳು. ನೊರೆ ದಾಟಿದ ಮೇಲೆ ಗುಟುಕು ಬೇಗ ಮುಗಿದುಹೋಗುತ್ತದೆ. ಸ್ಟೌಟ್ ಅಂದರೆ ಏನೆಂದು ತಿಳಿಯಲು ಫಾರಿನ್ ಎಕ್ಸ್‌ಟ್ರಾ ಇನ್ನೂ ವಾಸಿ. ನೈಟ್ರೋಜನ್ ಏನು ಮಾಡುತ್ತದೆಂದು ತಿಳಿಯಲು ಈ ಕ್ಯಾನಿಗೆ ಸಾಟಿಯಿಲ್ಲ.

ಡುವೆಲ್

ಹೆಸರಿನ ಅರ್ಥ ದೆವ್ವ. ತಯಾರಿಕೆಯಲ್ಲಿ ಸಕ್ಕರೆಯನ್ನೂ ಸೇರಿಸುತ್ತಾರೆ. ಅದು ಪೂರ್ತಿ ಹುದುಗಿ ಹೋಗುವುದರಿಂದ ಶೇ. 8.5 ಇದ್ದರೂ ಮೈ ಭಾರವಿಲ್ಲ. ಪೇರಳೆ, ಕಾಳುಮೆಣಸು, ಚುರುಗುಟ್ಟುವ ಗುಳ್ಳೆ. ಗುಳ್ಳೆಯ ಒತ್ತಡ ಜಾಸ್ತಿ, ಆದ್ದರಿಂದ 33 ಸೆಂ.ಲೀ. ಬಾಟಲಿಗೆ ಅರ್ಧ ಲೀಟರ್ ಹಿಡಿಸುವ ಟುಲಿಪ್ ಗ್ಲಾಸೇ ಬೇಕು. ತಳದ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡಿ. ಗೋಧಿ ಬಿಯರ್‌ಗೆ ಮೈ ಕೊಟ್ಟ ಯೀಸ್ಟೇ ಇಲ್ಲಿ ರುಚಿಯನ್ನು ಕದಡುತ್ತದೆ.

ಓರ್ವಲ್

ಆರರಲ್ಲಿ ಒಂದನ್ನೇ ಆರಿಸು ಎಂದರೆ ನನ್ನ ಕೈ ಹೋಗುವುದು ಇದರ ಕಡೆಗೆ. ಬೆಲ್ಜಿಯಂನ ಓರ್ವಲ್ ಟ್ರಾಪಿಸ್ಟ್ (ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಪಂಥ) ಮಠದ ಆವರಣದಲ್ಲಿ 1931ರಲ್ಲಿ ಬಿಯರ್ ಕಾರ್ಖಾನೆ ಶುರುವಾಯಿತು. ಬೌಲಿಂಗ್ ಪಿನ್ ಆಕಾರದ ಬಾಟಲಿ ದೂರದಿಂದಲೇ ಗುರುತು ಸಿಗುತ್ತದೆ.

ಉಳಿದ ಐದು ಬಾಟಲಿ ಅಥವಾ ಕ್ಯಾನಿಗೆ ತುಂಬುವ ಹೊತ್ತಿಗೆ ತಮ್ಮ ರುಚಿಯನ್ನು ಬಹುಪಾಲು ಕಂಡುಕೊಂಡಿರುತ್ತವೆ. ಇದಕ್ಕೆ ಬಾಟಲಿ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ಸೇರಿಸುತ್ತಾರೆ. ಮಾಮೂಲಿ ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನು ಅದು ತಿಂಗಳುಗಟ್ಟಲೆ ಮೆಲ್ಲುತ್ತ ಕೂರುತ್ತದೆ. ಹೀಗಾಗಿ ನಾಲ್ಕು ತಿಂಗಳ ಓರ್ವಲ್ ಹಾಪ್ಸಿನ ಘಾಟು, ಕಿತ್ತಳೆ ಸಿಪ್ಪೆ, ಚೂಪು ಕಹಿ. ವರ್ಷ ದಾಟಿದ್ದರಲ್ಲಿ ಹಾಪ್ಸ್ ಹಿಂದೆ ಸರಿದು ತೊಗಲು, ಒಣಹುಲ್ಲು, ಕೊಟ್ಟಿಗೆಯ ಸೊಗಡು ಮುಂದೆ ಬರುತ್ತದೆ. ಬಾಯಿ ಪೂರ್ತಿ ಒಣಗಿಸಿ ಹೋಗುತ್ತದೆ. ಮೊದಲ ಗುಟುಕಿಗೆ ಇದು ಕೆಟ್ಟಿದೆ ಅನ್ನಿಸಿದರೆ ಚೆಲ್ಲಬೇಡಿ. ಅರ್ಧ ಗ್ಲಾಸು ಮುಗಿಯುವ ತನಕ ತೀರ್ಪು ತಡೆಹಿಡಿಯಿರಿ.

ಬಾಟಲಿಯ ವಯಸ್ಸು ಕಂಡುಹಿಡಿಯುವುದು ಸುಲಭ. ಇದಕ್ಕೆ ಕೊಡುವ ಅವಧಿ 5 ವರ್ಷ, ಹಾಗಾಗಿ ಕೊನೆಯ ದಿನಾಂಕದಿಂದ 5 ವರ್ಷ ಹಿಂದಕ್ಕೆ ಎಣಿಸಿ. ತಂಪು ಅತಿಯಾಗಬಾರದು, 12ರಿಂದ 14 ಡಿಗ್ರಿ ಸರಿ. ಫ್ರಿಜ್ಜಿನಿಂದ ತೆಗೆದು ಸುಮಾರು ಅರ್ಧ ಗಂಟೆ ಹೊರಗಿಡಬೇಕಾಗುತ್ತದೆ, ಕೋಣೆ ಬೆಚ್ಚಗಿದ್ದರೆ ಇನ್ನೂ ಬೇಗ. ಹಳೆಯದಾದಷ್ಟೂ ಒಳಗಿನ ಒತ್ತಡ ಏರಿರುತ್ತದೆ. ಗ್ಲಾಸು ಪಕ್ಕದಲ್ಲಿ ಸಿದ್ಧವಿಟ್ಟುಕೊಂಡು, ಸಿಂಕಿನ ಮೇಲೆ ಹಿಡಿದು ಮುಚ್ಚಳ ತೆಗೆಯಿರಿ. ಒಂದೇ ಸಲಕ್ಕೆ ಸುರಿದು, ಗಷ್ಟು ಕುತ್ತಿಗೆಗೆ ಬರುವ ಮೊದಲು ನಿಲ್ಲಿಸಿ. ಆ ಗಷ್ಟನ್ನು ಬೇರೆ ಪುಟ್ಟ ಲೋಟಕ್ಕೆ ಹಾಕಿ ಪ್ರತ್ಯೇಕವಾಗಿ ರುಚಿ ನೋಡಬಹುದು.

ಕೊಳ್ಳುವಾಗ ಒಂದೇ ದಿನಾಂಕದ ಮೂರು ಬಾಟಲಿ ತನ್ನಿ. ಒಂದನ್ನು ಈಗಲೇ ತೆರೆಯಿರಿ. ಉಳಿದೆರಡರ ಮೇಲೆ ತೆರೆಯಬೇಕಾದ ತಿಂಗಳನ್ನು ಮಾರ್ಕರ್ ಪೆನ್ನಿನಿಂದ ಬರೆದು, ಬೆಳಕು ಬೀಳದ ತಂಪು ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ: ಒಂದಕ್ಕೆ ಆರು ತಿಂಗಳು, ಇನ್ನೊಂದಕ್ಕೆ ಹದಿನೆಂಟು.