ಮನೆಯ ಹಳೆಯ ಕ್ಯಾಸೆಟ್‌ಗಳಿಗೆ ಯಾವುದು ತಕ್ಕದ್ದು: ಯುಎಸ್‌ಬಿ ಪ್ಲೇಯರ್, ಸ್ಟುಡಿಯೊ, ಹಳೆಯ ಡೆಕ್

ಮನೆಯವರ ದನಿಯಿರುವ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆನ್ನುವವರು ದುರಸ್ತಿ ಮಾಡಿಸಿದ ಹಳೆಯ ಡೆಕ್ಕನ್ನೇ, ಅಂದರೆ ಸ್ಟೀರಿಯೊಗೆ ಜೋಡಿಸುತ್ತಿದ್ದ ದೊಡ್ಡ ಕ್ಯಾಸೆಟ್ ಯಂತ್ರವನ್ನೇ, ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಾನು ಮೊದಲು ಅಂಗೈಯಗಲದ ಯುಎಸ್‌ಬಿ ಪ್ಲೇಯರೊಂದನ್ನು ಕೊಂಡೆ, ಬಳಿಕ ಸ್ಟುಡಿಯೊ ಒಂದಕ್ಕೆ ಕೊಟ್ಟು ನೋಡಿದೆ, ಕೊನೆಗೆ ಡೆಕ್ಕಿಗೆ ಬಂದೆ. ಮೂರು ಕಡೆಯೂ ಪರೀಕ್ಷೆಗೆ ಒಡ್ಡಿದ್ದು ನಮ್ಮಜ್ಜಿ ಸೋಬಾನೆ ಪದ ಹಾಡಿರುವ ಒಂದೇ ಕ್ಯಾಸೆಟ್ಟನ್ನು.

ಯುಎಸ್‌ಬಿ ಪ್ಲೇಯರ್ ಅಗ್ಗ, ಬಳಕೆಯೂ ಸುಲಭ. ಆದರೆ ಅದರಲ್ಲಿ ಅಜ್ಜಿಯ ದನಿ ಕಂಬಳಿ ಹೊದ್ದು ಹಾಡಿದಂತೆ ಮಂಕಾಗಿತ್ತು. ಸ, ಶ, ಚ ಅಕ್ಷರಗಳು ಒಂದರಂತೆ ಒಂದು ಕೇಳುತ್ತಿದ್ದವು. ಇಂಥ ಸಂದರ್ಭದಲ್ಲಿ ಟೇಪೇ ಹಾಳಾಗಿದೆಯೆಂದು ಕೈಬಿಡುವವರು ಬಹಳ. ಇಲ್ಲಿ ಕೆಟ್ಟಿದ್ದು ಟೇಪಲ್ಲ, ಟೇಪಿಗೆ ತಾಗಿ ನಿಂತು ಅದರಲ್ಲಿನ ಧ್ವನಿಯನ್ನು ಓದುವ ಹೆಡ್ಡಿನ ಕೋನ. ರಿಪೇರಿಯವರು ಇದನ್ನು ಅಜಿಮತ್ ಎನ್ನುತ್ತಾರೆ.

ಕ್ಯಾಸೆಟ್ಟಿನ ಟೇಪು ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ. ಹೀಗಾಗಿ 10,000 ಹರ್ಟ್ಜ್‌ನಂಥ ತೀಕ್ಷ್ಣ ಧ್ವನಿಯ ಒಂದೊಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 5 ಮೈಕ್ರಾನ್‌ಗಿಂತಲೂ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಡಿಮೆ. ರೆಕಾರ್ಡ್ ಮಾಡಿದ ಹೆಡ್ಡು ನಿಂತಿದ್ದ ಕೋನಕ್ಕೂ ಈಗ ಓದುವ ಹೆಡ್ಡಿನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಈ ಸಣ್ಣ ಅಲೆಗಳು ಅಳಿಸಿಹೋಗಿ, ದಪ್ಪ ಧ್ವನಿ ಮಾತ್ರ ಉಳಿಯುತ್ತದೆ. ಇಳಿಸಿಕೊಳ್ಳುವಾಗ ಕಳೆದದ್ದನ್ನು ಆಮೇಲೆ ಟ್ರೆಬಲ್ (ತೀಕ್ಷ್ಣ ಧ್ವನಿಯ ಮಟ್ಟ) ಏರಿಸಿ ತರಲಾಗದು. ಏರುವುದು ಬರಿಯ ಸುಯ್ ಸದ್ದು.

ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಇದನ್ನು ಸರಿಪಡಿಸಬಹುದು. ನನ್ನ ಪ್ಲೇಯರಿನಲ್ಲಿ ಹೆಡ್ಡು ಕೂತಿದ್ದ ಪ್ಲಾಸ್ಟಿಕ್ ತಳವೇ ಅಲುಗಾಡುತ್ತಿದ್ದುದರಿಂದ, ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಕೋನ ಮತ್ತೆ ತಪ್ಪುತ್ತಿತ್ತು. ಡೆಕ್ಕಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಸ್ಕ್ರೂವನ್ನು ತುಸುತುಸುವೇ ತಿರುಗಿಸುತ್ತ ಹೋದಾಗ, ಒಂದು ಹಂತದಲ್ಲಿ ಅಜ್ಜಿಯ ಬಳೆಗಳ ಸದ್ದೂ ಸೇರಿದಂತೆ ಎಲ್ಲವೂ ನಿಚ್ಚಳವಾಗಿ ಕೇಳಿತು, ಮತ್ತು ಹಾಗೆಯೇ ನಿಂತಿತು. ಬೇರೆ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟಿಗೆ ಈ ಕೆಲಸವನ್ನು ಹೊಸದಾಗಿಯೇ ಮಾಡಬೇಕು.

ಸ್ಟುಡಿಯೊದವರು ಹೆಡ್ಡನ್ನು ಸರಿಯಾಗಿಯೇ ಹೊಂದಿಸಿದ್ದರು. ಆದರೆ ಹಿನ್ನೆಲೆಯ ಸದ್ದನ್ನು ಎಷ್ಟು ತೆಗೆದಿದ್ದರೆಂದರೆ, ಸಾಲು ಸಾಲಿನ ನಡುವೆ ಅಜ್ಜಿ ಉಸಿರೆಳೆದುಕೊಳ್ಳುವುದೂ ಅದರೊಡನೆ ಹೋಗಿತ್ತು. ಕೊಟ್ಟದ್ದು ಗಾತ್ರ ಕುಗ್ಗಿಸಿದ ಎಂಪಿ3 ಕಡತ ಮಾತ್ರ. ತಿದ್ದದ ಮೂಲ ಪ್ರತಿಯನ್ನು ಅವರು ಇಟ್ಟುಕೊಂಡಿರಲಿಲ್ಲ.

ಡೆಕ್ಕಿಗೂ ಆರೈಕೆ ಬೇಕು. ಸಡಿಲಾದ ಬೆಲ್ಟಿಗೆ ಬದಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿರಬೇಕು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಫೆಲ್ಟ್ ತುಂಡು ಅಂಟು ಒಣಗಿ ಉದುರಿದ್ದರೆ, ಟೇಪಿನ ಸುರುಳಿಗಳನ್ನು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಹೊರಕವಚಕ್ಕೆ ಕೂರಿಸಬಹುದು. ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶವಾದ ಆಡಾಸಿಟಿ ಸಾಕು. 48 ಕಿಲೊಹರ್ಟ್ಜ್, 24 ಬಿಟ್‌ನ, ಕುಗ್ಗಿಸದ ವೇವ್ (WAV) ಕಡತವಾಗಿ ಉಳಿಸಿ, ಸದ್ದು ತೆಗೆಯುವುದೇನಿದ್ದರೂ ಅದರ ನಕಲಿನಲ್ಲಿ ಮಾಡಬೇಕು.

ಸಂಜೆಗೊಂದು ಕ್ಯಾಸೆಟ್ ಕೇಳುತ್ತ ಕೂರುವುದು ನನಗೆ ಇಷ್ಟವಾದ್ದರಿಂದ, ಡೆಕ್ಕಿನ ಕೆಲಸಕ್ಕೆ ಹಿಡಿಯುವ ಸಮಯ ಹೊರೆಯೆನಿಸಲಿಲ್ಲ. ದುರಸ್ತಿಯೂ ಸೇರಿ ಆದ ಖರ್ಚು, ಮನೆಯ ಎಲ್ಲ ಕ್ಯಾಸೆಟ್‌ಗಳಿಗೆ ಸ್ಟುಡಿಯೊ ಕೇಳುತ್ತಿದ್ದ ಹಣಕ್ಕಿಂತ ಕಡಿಮೆಯೇ ಆಯಿತು. ಬೂಷ್ಟು ಹಿಡಿದ ಟೇಪನ್ನು ಮಾತ್ರ ಮನೆಯಲ್ಲಿ ಓಡಿಸದೆ ಅನುಭವಸ್ಥರಿಗೇ ಒಪ್ಪಿಸುವುದು ಸರಿ, ಆದರೆ ತಿದ್ದದ ಪ್ರತಿಯೂ ಬೇಕೆಂದು ಮೊದಲೇ ಬರೆದುಕೊಟ್ಟು.