ಜೋಡುನಳಿಗೆ ಕೋವಿಗೆ ಯಾವ ಎಣ್ಣೆ? ಮಳೆನಾಡಿನ ಲೆಕ್ಕದಲ್ಲಿ ಹೋಪ್ಸ್, ಡಬ್ಲ್ಯುಡಿ-40, ಬ್ಯಾಲಿಸ್ಟಾಲ್

ಕೊಡಗಿನಲ್ಲಿ ಕೋವಿ ಹಾಳಾಗುವುದು ಹೊಡೆದಾಗಕ್ಕಿಂತ ಇಟ್ಟಾಗ. ಗದ್ದೆ ಕೆಲಸ ಶುರುವಾದಾಗ ಕನ್ನಿ ಕೋಂಬರೆ (ಮನೆಯ ದೇವರ ಕೋಣೆ) ಸೇರಿದ್ದು ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೋಕ್ ಪೂ (ಕೋವಿ ಹೂ) ಮುಡಿಯಲು ಹೊರಬರುವ ಹೊತ್ತಿಗೆ ಇಡೀ ಮಳೆಗಾಲದ ಥಂಡಿ ಕುಡಿದಿರುತ್ತದೆ. ಆದ್ದರಿಂದ ಇಲ್ಲಿ ಎಣ್ಣೆಗೆ ಮೊದಲ ಪರೀಕ್ಷೆ ತುಕ್ಕು. ಜಾರುವ ಗುಣದ ಮಾತು ಆಮೇಲೆ. ಒಂದೇ ಡಬ್ಬಿ ಕೊಳ್ಳುವುದಾದರೆ ಬ್ಯಾಲಿಸ್ಟಾಲ್ ಕೊಳ್ಳಿ.

ಹೋಪ್ಸ್ ನಂಬರ್ 9 ಹೆಸರುವಾಸಿ. 1903ರಿಂದ ಬಳಕೆಯಲ್ಲಿರುವ ಅಮೆರಿಕದ ದ್ರಾವಕ, ಮದ್ದಿನ ಮಸಿಯನ್ನೂ ಸೀಸವನ್ನೂ ಚೆನ್ನಾಗಿ ಬಿಡಿಸುತ್ತದೆ. ಆದರೆ 12 ಬೋರ್ (ಚರೆ ಕೋವಿಯ ಸಾಮಾನ್ಯ ಅಳತೆ) ನಳಿಗೆಯಲ್ಲಿ ರೈಫಲ್‌ನಂತೆ ತಾಮ್ರ ಅಂಟುವುದಿಲ್ಲ, ಇರುವುದು ಮಸಿ, ಸೀಸ, ತೋಟೆಯೊಳಗೆ (ಕಾರ್ಟ್ರಿಜ್) ಮದ್ದಿಗೂ ಚರೆಗೂ ನಡುವೆ ಇರುವ ಪ್ಲಾಸ್ಟಿಕ್ ಬಿರಡೆ, ಅಂದರೆ ವಾಡ್‌ನ ಬೂದುಬಣ್ಣದ ಗೆರೆಗಳು. ಮಸಿಗೆ ಸೀಮೆಎಣ್ಣೆ ಸಾಕು. ಪ್ಲಾಸ್ಟಿಕ್ ಅನ್ನು ಯಾವ ದ್ರಾವಕವೂ ಸುಲಭವಾಗಿ ಕರಗಿಸದು, ಅದನ್ನು ಕಿತ್ತು ತೆಗೆಯುವುದು ಕಂಚಿನ ಬ್ರಷ್. ಹಾಗಾಗಿ ಹೋಪ್ಸ್‌ಗೆ ಕೊಡುವ ದುಡ್ಡನ್ನು ಒಳ್ಳೆಯ ಬ್ರಷ್‌ಗೆ ಹಾಕಿದರೆ ಲಾಭ. ನಿಕಲ್ ಲೇಪನವಿರುವ ಭಾಗಕ್ಕಂತೂ ಹೋಪ್ಸ್ ತಾಗಿಸಬೇಡಿ.

ಕ್ರಮ ಹೀಗೆ: ಕೋವಿಯನ್ನು ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ, ತೋಟೆಗಳು ಬೇರೆ ಕೋಣೆಯಲ್ಲಿರಲಿ. ನಳಿಗೆ ಬಿಚ್ಚಿ ತೆಗೆದು, ತೋಟೆ ಹಾಕುವ ಕಡೆಯಿಂದ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಎಳೆಯಿರಿ. ಹತ್ತು ನಿಮಿಷ ಬಿಡಿ. ಆಮೇಲೆ ಬ್ರಷ್ ಅನ್ನು ನಳಿಗೆಯ ಬಾಯಿ ದಾಟಿಸಿಯೇ ಹಿಂದಕ್ಕೆ ತನ್ನಿ. ನಡುವೆ ತಿರುಗಿಸಿದರೆ ಸಿಕ್ಕಿಕೊಳ್ಳುತ್ತದೆ. ಹಳೆ ಬನಿಯನ್ ಬಟ್ಟೆಯ ಏಳೆಂಟು ಸೆಂಟಿಮೀಟರ್ ಚೌಕ 12 ಬೋರಿಗೆ ಸರಿಯಾಗುತ್ತದೆ. ಬಟ್ಟೆ ಬಿಳಿಯಾಗಿ ಬರುವವರೆಗೆ ಒರೆಸಿ. ಸೀಮೆಎಣ್ಣೆ ಆರಿದ ಮೇಲೆ ಲೋಹಕ್ಕೆ ರಕ್ಷಣೆ ಇಲ್ಲ, ಅಲ್ಲಿಗೇ ನಿಲ್ಲಿಸಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಕೆಂಪು ಕಾಣಬಹುದು. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು.

ಡಬ್ಲ್ಯುಡಿ-40 ಬಗ್ಗೆ ನಮ್ಮಲ್ಲಿ ಇರುವಷ್ಟು ತಪ್ಪು ನಂಬಿಕೆ ಬೇರೆ ಯಾವ ಡಬ್ಬಿಯ ಬಗ್ಗೆಯೂ ಇಲ್ಲ. 1953ರಲ್ಲಿ ಅದನ್ನು ಮಾಡಿದ್ದು ನೀರನ್ನು ತಳ್ಳಿಹಾಕಲು. ಮಳೆಯಲ್ಲಿ ನೆನೆದ ಕೋವಿಗೆ ಮೊದಲು ಹೊಡೆಯಲು ಅದಕ್ಕಿಂತ ಸುಲಭದ್ದು ಸಿಗದು. ಆದರೆ ಅದರ ಬಹುಪಾಲು ಆರಿಹೋಗುವ ದ್ರಾವಕ. ಉಳಿಯುವ ಪದರ ತೀರಾ ತೆಳು, ಮತ್ತೆ ಮತ್ತೆ ಹೊಡೆದರೆ ಕುದುರೆ (ಹೊಡೆಯುವ ಸುತ್ತಿಗೆ) ಮತ್ತು ಸ್ಪ್ರಿಂಗ್ ಇರುವ ಒಳಭಾಗದಲ್ಲಿ ಅಂಟಾಗಿ ಕೂರುತ್ತದೆ. ಆಗ ತೋಟೆಯ ಕೇಪನ್ನು ಕುಟ್ಟುವ ಫೈರಿಂಗ್ ಪಿನ್ ನಿಧಾನವಾಗಿ, ತೋಟೆಯ ಹಿಂಬದಿಯಲ್ಲಿ ಸಣ್ಣ ಗುಳಿ ಬೀಳುತ್ತದೆಯೇ ಹೊರತು ಗುಂಡು ಹಾರುವುದಿಲ್ಲ. ಹೊಡೆದರೆ ಒರೆಸಿ ತೆಗೆಯಿರಿ, ಮೇಲೆ ನಿಜವಾದ ಎಣ್ಣೆ ಹಚ್ಚಿ.

ಬ್ಯಾಲಿಸ್ಟಾಲ್ 1904ರ ಜರ್ಮನ್ ಎಣ್ಣೆ. ಸ್ವಲ್ಪ ಕ್ಷಾರ ಗುಣ ಇರುವುದರಿಂದ ಬೆವರಿನ ಬೆರಳಚ್ಚಿನಿಂದ ಏಳುವ ತುಕ್ಕನ್ನೂ ತಡೆಯುತ್ತದೆ. ಮರಕ್ಕೆ, ಚರ್ಮದ ಪಟ್ಟಿಗೆ ತಾಗಿದರೂ ತೊಂದರೆಯಿಲ್ಲ. ಬಟ್ಟೆಗೆ ಹಚ್ಚಿ ನಳಿಗೆಯೊಳಗೂ ಹೊರಗೂ ಮಸುಕು ಹೊಳಪು ಬರುವಷ್ಟು ಸವರಿ, ಸುರಿಯುವಷ್ಟು ಬೇಡ. ಕೊರತೆ ಒಂದಿದೆ: ಇದೂ ತೆಳು. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ತೆಗೆದು ನೋಡದಿದ್ದರೆ ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ಉಪಯೋಗವಿಲ್ಲ.

ಕೇಪಿನ ಕೋವಿಯ, ಅಂದರೆ ಬಾಯಿಯಿಂದ ಕರಿಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ಕೋವಿಯ, ವಿಚಾರವೇ ಬೇರೆ. ಕರಿಮದ್ದು ಸುಟ್ಟ ಮೇಲೆ ಉಳಿಯುವುದು ಬಹುಪಾಲು ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ, ನೀರಿನಲ್ಲಿ ಕರಗುತ್ತವೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಮೇಲೆ ಎಂಜಿನ್ ಆಯಿಲ್ ಸುರಿದರೆ ಟಾರಿನಂತೆ ಗಟ್ಟಿಯಾಗಿ, ಅಡಿಯಲ್ಲಿ ತುಕ್ಕು ತನ್ನಷ್ಟಕ್ಕೆ ನಡೆಯುತ್ತದೆ. ಬಿಸಿನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಗಜಕಡ್ಡಿಗೆ ಸುತ್ತಿದ ಬಟ್ಟೆ, ಇಷ್ಟೇ ಬೇಕು. ಇಲ್ಲವೇ ಒಂದು ಪಾಲು ಬ್ಯಾಲಿಸ್ಟಾಲ್‌ಗೆ ಹತ್ತು ಪಾಲು ನೀರು ಬೆರೆಸಿದರೆ ಹಾಲಿನಂತಾಗುತ್ತದೆ, ಅದರಲ್ಲೇ ತೊಳೆಯಬಹುದು. ಹೊಡೆದ ದಿನವೇ ತೊಳೆಯಬೇಕು. ಕೇಪು ಕೂರುವ ಮೊಲೆಯ ತೂತಿಗೆ ಸಣ್ಣ ತಂತಿ ಹಾಕಿ ನೋಡಲು ಮರೆಯಬೇಡಿ.

ತೆಂಗಿನೆಣ್ಣೆ ಹಚ್ಚುವವರು ಇನ್ನೂ ಇದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಚಳಿಯಲ್ಲಿ ಅದನ್ನು ಕುಡಿಸಿದ ಫೈರಿಂಗ್ ಪಿನ್‌ನ ಗತಿ ಊಹಿಸಿ. ಹೊಲಿಗೆ ಮೆಷಿನ್ ಎಣ್ಣೆ ಒಳಭಾಗಕ್ಕೆ ಒಂದು ಹನಿ ಹಾಕಲು ಚೆನ್ನ, ತುಕ್ಕು ತಡೆಯಲು ಸಾಲದು. ನಳಿಗೆ ಮಡಚುವ ಪಿನ್ನಿಗೆ ಎಣ್ಣೆಗಿಂತ ಗ್ರೀಸ್ ಸರಿ, ಅಕ್ಕಿಕಾಳಿನಷ್ಟು.

ಎಣ್ಣೆ ಹಚ್ಚಿದ ಮೊದಲ ಒಂದೆರಡು ದಿನ ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ. ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಇಳಿದು ಹಿಡಿಯ ಮರಕ್ಕೆ ಸೇರುತ್ತದೆ, ವರ್ಷಗಳಲ್ಲಿ ಆ ಜಾಗ ಕಪ್ಪಾಗಿ ಮೆತ್ತಗಾಗಿ ಸೀಳುತ್ತದೆ. ಚರ್ಮದ ಅಥವಾ ಸ್ಪಂಜಿನ ಚೀಲದೊಳಗೆ ಮಳೆಗಾಲವಿಡೀ ಕೋವಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಹೊಡೆಯುವ ದಿನ ನಳಿಗೆಯನ್ನೂ ತೋಟೆ ಕೂರುವ ಜಾಗವನ್ನೂ ಒಣಬಟ್ಟೆಯಿಂದ ಒರೆಸಲೇಬೇಕು: ಒಳಗಿನ ಎಣ್ಣೆ ಒತ್ತಡ ಏರಿಸಬಹುದು, ತೋಟೆಯ ಕೇಪಿಗೆ ಇಳಿದರೆ ಅದು ಸಿಡಿಯದೆಯೂ ಹೋಗಬಹುದು.